ಕಿಸುಕಾಡಿನ ನಾಡಿನಲ್ಲಿ ಶುಂಠಿ

ಗಜೇಂದ್ರಗಡದ ಬೆಟ್ಟವನ್ನು ಹಿಂದಕ್ಕೆ ಬಿಟ್ಟು ಸೂಡಿಯತ್ತ ಸಾಗುವವನ ಕಣ್ಣಿಗೆ ಬೀಳುವುವು ಬಿಳಿಜೋಳ, ಕಡಲೆ, ಶೇಂಗಾ, ಈರುಳ್ಳಿಗಳ ಹೊಲಗಳು, ಅವುಗಳ ನಡುನಡುವೆ ಜಾಲಿ ಬೇವುಗಳ ವಿರಳವಾದ ನೆರಳು, ಮತ್ತು ಎಲ್ಲಕ್ಕೂ ಮೇಲೆ ಮರೆಯಿಲ್ಲದ ಆಕಾಶ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಳೆಯನ್ನು ನೆಚ್ಚಿ ಬಾಳುವ ಈ ಬಯಲು, ಅದರ ಎರಡರಷ್ಟಕ್ಕಿಂತಲೂ ಮಿಗಿಲಾದ ಮಳೆಯನ್ನೂ, ನೀರು ನಿಲ್ಲದ ಸಡಿಲ ಮಣ್ಣನ್ನೂ, ತೆಳುವಾದ ನೆರಳನ್ನೂ ಬಯಸುವ ಶುಂಠಿಗೆ ತವರಾಗಲಾರದು. ಹೀಗಿದ್ದರೂ ಈ ಸೀಮೆಯ ಮನೆಗಳಲ್ಲಿ ಬಾಣಂತಿಯ ಪಥ್ಯಕ್ಕೂ ಹಸುಗೂಸಿನ ಗುಟ್ಟಿಗೂ ಮುದುಕರ ಕೆಮ್ಮಿಗೂ ಎತ್ತಿನ ಹೊಟ್ಟೆಯುಬ್ಬರಕ್ಕೂ ಮೊದಲು ನೆನಪಾಗುವ ವಸ್ತು ಒಣಶುಂಠಿಯೇ. ತಾನು ಬೆಳೆಯದ ನೆಲದಲ್ಲಿ ಒಂದು ಕಂದ ಇಷ್ಟು ಆಳವಾಗಿ ನೆಲೆಯೂರಿದುದು ಹೇಗೆಂಬುದನ್ನು ವಿಚಾರಿಸಹೊರಟವನು ಸೂಡಿಯ ಸಾವಿರ ವರ್ಷಗಳ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕಾಗುತ್ತದೆ.

ಇಂದು ಸೂಡಿ ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಒಂದು ಗ್ರಾಮ. ಅದಕ್ಕೆ ಮೊದಲು ರೋಣ ತಾಲ್ಲೂಕಿನಲ್ಲಿದ್ದಿತು. 1997ರವರೆಗೆ ಆ ರೋಣವೂ ಅವಿಭಕ್ತ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಆಡಳಿತದ ಗೆರೆಗಳು ಹೀಗೆ ಮತ್ತೆ ಮತ್ತೆ ಸರಿದಾಡುವುದಕ್ಕೆ ಬಹುಕಾಲ ಮುಂಚೆ, ಕಲ್ಯಾಣದ ಚಾಲುಕ್ಯರು ಆಳುತ್ತಿದ್ದಾಗ, ಈ ಊರು ಕಿಸುಕಾಡು ಎಪ್ಪತ್ತು ಎಂಬ ನಾಡಿಗೆ ಮುಖ್ಯ ಪಟ್ಟಣವಾಗಿದ್ದಿತು. ಲೊಕ್ಕಿಗುಂಡಿಯಲ್ಲಿ, ಎಂದರೆ ಇಂದಿನ ಲಕ್ಕುಂಡಿಯಲ್ಲಿ, ಇದ್ದಂತೆ ಇಲ್ಲಿಯೂ ಚಾಲುಕ್ಯರ ಹೊನ್ನಿನ ನಾಣ್ಯಗಳನ್ನು ಅಚ್ಚುಹಾಕುವ ಟಂಕಸಾಲೆಯಿದ್ದಿತು. 1060ರಲ್ಲಿ ನಾಗದೇವನೆಂಬ ದಂಡನಾಯಕನು ನಾಗೇಶ್ವರ ದೇವಾಲಯವನ್ನು ಕಟ್ಟಿಸಿದನು. ಎರಡು ಶಿಖರಗಳು ಎದುರುಬದುರಾಗಿ ನಿಂತ ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ದೇವಾಲಯ, ಶಿಲ್ಪಿಗಳ ಕೈಚಳಕವನ್ನೆಲ್ಲ ಗೋಡೆಗಳಲ್ಲಿ ಹೊತ್ತುಕೊಂಡಿರುವ ನಾಗಕುಂಡ, ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಗಣಪತಿ, ಇವು ಆ ವೈಭವದಲ್ಲಿ ಇಂದಿಗೂ ಉಳಿದಿರುವ ಭಾಗ. ಬಾರ್ನೆಟ್ ಎಂಬ ವಿದ್ವಾಂಸರು ಎಪಿಗ್ರಾಫಿಯಾ ಇಂಡಿಕಾದ ಹದಿನೈದನೆಯ ಸಂಪುಟದಲ್ಲಿ ಪ್ರಕಟಿಸಿದ ಸೂಡಿಯ ಶಾಸನಗಳಲ್ಲಿ ದೇವರಿಗೆ ಬಿಟ್ಟ ಭೂಮಿಯ ಮಾತಿನೊಡನೆ ಊರಿನ ಎಂಟು ಮಂದಿ ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಮಾತೂ ಬರುತ್ತದೆ. ರಾಜಾಧಿಕಾರಿಗಳು ಇವರಿಗೆ ಒಂದು ಸಂಘಟಿತ ಸಮುದಾಯವಾಗಿ ನಡೆದುಕೊಳ್ಳುವ ವ್ಯವಸ್ಥೆಯನ್ನು ಮತ್ತೆ ಕಟ್ಟಿಕೊಟ್ಟುದು ಅಲ್ಲಿ ದಾಖಲಾಗಿದೆ. ಟಂಕಸಾಲೆಯೂ ಸೆಟ್ಟಿಗಳೂ ಉಳ್ಳ ಊರು ದೂರದ ಸರಕನ್ನು ಬಲ್ಲ ಊರು.

ಈ ನಾಡನ್ನು ದೀರ್ಘಕಾಲ ಆಳಿದವಳು ಅಕ್ಕಾದೇವಿ. ಐದನೆಯ ವಿಕ್ರಮಾದಿತ್ಯನಿಗೂ ಇಮ್ಮಡಿ ಜಯಸಿಂಹನಿಗೂ ಸೋದರಿಯಾಗಿದ್ದ ಈ ರಾಜಪುತ್ರಿ 1010ರಷ್ಟು ಹಿಂದೆಯೇ ಕಿಸುಕಾಡನ್ನು ಆಳುತ್ತಿದ್ದಳೆಂಬುದು ಸೂಡಿಯ ಶಾಸನದಿಂದ ತಿಳಿಯುತ್ತದೆ; ಗುಣದ ಬೆಡಂಗಿಯೆಂಬ ಬಿರುದುಳ್ಳ ಆಕೆ 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ ವೀರೆಯೂ ಹೌದು. ನಮ್ಮ ವಿಷಯಕ್ಕೆ ಆಕೆಯ ಯುದ್ಧಗಳಿಗಿಂತ ಮುಖ್ಯವಾದುದು ಆಕೆಯ ಅಧಿಕಾರದ ಹರವು. ಹಾನಗಲ್ಲಿನ ಕದಂಬರ ಮನೆಯನ್ನು ಸೇರಿದ ಅಕ್ಕಾದೇವಿ ಬನವಾಸಿ ಪನ್ನಿರ್ಚ್ಛಾಸಿರವೆಂಬ ನಾಡನ್ನೂ ಆಳಿದವಳು. ಬನವಾಸಿಯೆಂದರೆ ಅಡಕೆ, ಮೆಣಸು, ಏಲಕ್ಕಿ, ಅರಿಶಿನ, ಶುಂಠಿಗಳು ತಾವೇ ತಾವಾಗಿ ಬೆಳೆಯುವಂತೆ ತೋರುವ ಮಲೆನಾಡಿನ ಹೊಸ್ತಿಲು. ಕಿಸುಕಾಡೆಂದರೆ ಜೋಳದ ಬಯಲು. ಒಬ್ಬಳೇ ಒಡತಿಯ ಕಣ್ಣಳತೆಯಲ್ಲಿ ಈ ಎರಡು ನಾಡುಗಳೂ ಇದ್ದಾಗ ಅವುಗಳ ನಡುವಣ ದಾರಿಗಳಲ್ಲಿ ಹೇರಿನೆತ್ತುಗಳು ಸರಾಗವಾಗಿ ಓಡಾಡಿರಬೇಕೆಂದು ಊಹಿಸುವುದು ಅಸಂಗತವಲ್ಲ. ಪಶ್ಚಿಮದ ತೇವದ ಕಾಡಿನಿಂದ ಮದ್ದೂ ಸಂಬಾರವೂ, ಪೂರ್ವದ ಒಣ ಬಯಲಿನಿಂದ ಧಾನ್ಯವೂ ಹತ್ತಿಯೂ ವಿನಿಮಯವಾಗುತ್ತಿದ್ದ ಈ ವ್ಯಾಪಾರ ಕರ್ನಾಟಕದ ಭೂಗೋಳವೇ ವಿಧಿಸಿದ ವ್ಯಾಪಾರ. ರಾಜವಂಶಗಳು ಅದನ್ನು ಕಾಪಾಡಿದುವು, ಕೆಲವೊಮ್ಮೆ ಕೆಡಿಸಿದುವು, ಹುಟ್ಟಿಸಲಿಲ್ಲ.

ಅಂಥ ದಾರಿಯಲ್ಲಿ ಶುಂಠಿ ಪಯಣಿಸಬೇಕಾದರೆ ಅದು ಒಣಗಬೇಕು. ಮುಂಗಾರಿನ ಮೊದಲ ಮಳೆಗೆ ನೆಟ್ಟ ಕಂದವನ್ನು ಎಂಟು ತಿಂಗಳಿಗೆ ಎಲೆ ಹಳದಿಯಾಗಿ ಒಣಗುತ್ತ ಬಂದಾಗ ಅಗೆದು ತೆಗೆಯುತ್ತಾರೆ. ಮಣ್ಣನ್ನು ತೊಳೆದು, ರಾತ್ರಿಯಿಡೀ ನೀರಿನಲ್ಲಿ ನೆನೆಯಿಸಿ, ಬಿದಿರಿನ ಸೀಳಿನಿಂದ ಹೊರಸಿಪ್ಪೆಯನ್ನು ಮಾತ್ರ ಹೆರೆದು, ಒಂದು ವಾರಕ್ಕೆ ಮೇಲ್ಪಟ್ಟು ಬಿಸಿಲಿನಲ್ಲಿ ಹರಡುತ್ತಾರೆ. ಸಿಪ್ಪೆಯನ್ನು ಆಳವಾಗಿ ಹೆರೆದರೆ ಅದರ ಕೆಳಗೇ ಇರುವ ಸುಗಂಧತೈಲದ ಕೋಶಗಳು ನಷ್ಟವಾಗುವುದರಿಂದ ಈ ಕೆಲಸಕ್ಕೆ ಕಬ್ಬಿಣದ ಚಾಕು ಒಗ್ಗದು, ಬಿದಿರೇ ಬೇಕು. ಹಸಿಯ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಕೊನೆಗೆ ಉಳಿಯುತ್ತದೆ. ಹೊತ್ತ ಎತ್ತಿಗೆ ಭಾರ ಕಡಿಮೆ, ಇಟ್ಟ ಮನೆಯಲ್ಲಿ ಕೊಳೆಯುವ ಭಯವಿಲ್ಲ, ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಕಾಯುವ ಶಕ್ತಿಯುಂಟು. ಹಸಿಶುಂಠಿ ಮಲೆನಾಡಿನ ಹಿತ್ತಲಿನ ವಸ್ತುವಾದರೆ ಒಣಶುಂಠಿ ಬಯಲುನಾಡಿನ ಅಂಗಡಿಯ ವಸ್ತುವಾದುದು ಈ ಕಾರಣದಿಂದಲೇ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಮಲೆನಾಡಿನಲ್ಲಿ ಶುಂಠಿಯನ್ನು ಕಡೆಗಣಿಸುವವನನ್ನು ಕುರಿತು ಹೇಳಬಹುದಾದ ಮಾತು. ಸೂಡಿಯ ಗೃಹಿಣಿ ಅದನ್ನು ದುಡ್ಡು ಕೊಟ್ಟು ಕೊಂಡು, ಎಣಿಸಿ ತೆಗೆದಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ತೇಯುವವಳಾಗಿದ್ದುದರಿಂದ ಅವಳಿಗೆ ಆ ಉದಾಸೀನ ಎಂದೂ ಸಾಧ್ಯವಾಗಲಿಲ್ಲ.

ಈ ಸರಕನ್ನು ಹೊತ್ತವರಾರು ಎಂಬುದಕ್ಕೆ ಸೂಡಿಯಿಂದ ಹೆಚ್ಚು ದೂರವಿಲ್ಲದ ಐಹೊಳೆಯೇ ಉತ್ತರ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಮಹಾಸಂಘ ದಕ್ಷಿಣಾಪಥದ ಉದ್ದಗಲಕ್ಕೂ ವ್ಯಾಪಿಸಿದ್ದಿತು. ಶಿಕಾರಿಪುರದ 1050ರ ಸುಮಾರಿನ ಶಾಸನವೊಂದು ಈ ವರ್ತಕರು ಆನೆ ಕುದುರೆಗಳನ್ನೂ ರತ್ನಗಳನ್ನೂ ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿಗಳನ್ನೂ ಸಗಟಾಗಿಯೂ ಹೆಗಲ ಮೇಲೆ ಹೊತ್ತು ಚಿಲ್ಲರೆಯಾಗಿಯೂ ಮಾರುತ್ತಿದ್ದರೆಂದು ವರ್ಣಿಸುತ್ತದೆ. ಪ್ರಶಸ್ತಿಯ ಶಾಸನದಲ್ಲಿ ರತ್ನ ಕಸ್ತೂರಿಗಳಿಗೆ ಮೊದಲ ಮಣೆ ದೊರೆಯುವುದು ಸಹಜ. ಸುಂಕದ ಶಾಸನಗಳಿಗೆ ಬಂದರೆ ಮೆಣಸು, ಅರಿಶಿನ, ಇಂಗು, ಅಲ್ಲ (ಹಸಿಶುಂಠಿ), ಶುಂಠಿ ಮೊದಲಾದ ದಿನಬಳಕೆಯ ಪದಾರ್ಥಗಳು ತಮ್ಮ ಸ್ಥಾನವನ್ನು ಪಡೆಯುತ್ತವೆ. ಸಾಮ್ರಾಟರ ಬೊಕ್ಕಸವನ್ನು ತುಂಬಿದುದರಲ್ಲಿ ಈ ಬಡ ಕಂದದ ಪಾಲೂ ಉಂಟೆಂಬುದನ್ನು ಚರಿತ್ರಕಾರರು ಇನ್ನಷ್ಟು ಗಮನಿಸಬೇಕು.

ವಸ್ತು ಬಂದರೆ ಸಾಲದು, ಅದರ ವಿದ್ಯೆಯೂ ಬರಬೇಕು. ಆ ವಿದ್ಯೆ ಕನ್ನಡದಲ್ಲಿ ಗ್ರಂಥಸ್ಥವಾದುದು ಸೂಡಿಯ ಉತ್ಕರ್ಷದ ಕಾಲದಲ್ಲಿಯೇ, ಅದೂ ಅಕ್ಕಾದೇವಿಯ ಸೋದರನ ಆಶ್ರಯದಲ್ಲಿಯೇ ಎಂಬುದು ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಹೃದ್ಯವಾಗಿ ತೋರುವ ಸಂಗತಿ. ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿದ್ದ ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ಲೋಕೋಪಕಾರವೆಂಬ ಗ್ರಂಥವನ್ನು ರಚಿಸಿದನು. ಜ್ಯೋತಿಷ, ವಾಸ್ತು, ಭೂಗರ್ಭದ ನೀರನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಗಂಧಯುಕ್ತಿ, ಪಾಕಶಾಸ್ತ್ರ, ಮನುಷ್ಯರ ಮತ್ತು ಪಶುಗಳ ಚಿಕಿತ್ಸೆ, ವಿಷವೈದ್ಯ, ಇಷ್ಟನ್ನೂ ಒಂದೆಡೆ ಕೂಡಿಸಿ, ಸಂಸಾರಸ್ಥನಾದ ಕನ್ನಡಿಗನಿಗೆ ಬೇಕಾಗುವ ವಿದ್ಯೆಗಳ ಸಂಗ್ರಹವೊಂದನ್ನು ಕನ್ನಡ ಪದ್ಯಗಳಲ್ಲಿ ಕಟ್ಟಿಕೊಟ್ಟ ಆ ಕವಿಯ ಔದಾರ್ಯ ದೊಡ್ಡದು. ಅಡುಗೆಯ ಅಧ್ಯಾಯವೂ ಮದ್ದಿನ ಅಧ್ಯಾಯವೂ ಒಂದೇ ಹೊತ್ತಗೆಯೊಳಗೆ ನೆರೆಹೊರೆಯಾಗಿ ಕುಳಿತಿರುವುದು ಆಕಸ್ಮಿಕವಲ್ಲ. ಮೆಣಸು, ಜೀರಿಗೆ, ಇಂಗು, ಶುಂಠಿಗಳು ಅಲ್ಲಿ ಎರಡು ಮನೆಗಳಿಗೂ ಸೇರಿದ ಬಂಧುಗಳು. ಒಂದು ಶತಮಾನದ ತರುವಾಯ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದ ಅನ್ನಭೋಗದ ಪ್ರಕರಣದಲ್ಲಿ ಆರ್ದ್ರಕ, ಎಂದರೆ ಹಸಿಶುಂಠಿ, ಅರಮನೆಯ ಭಕ್ಷ್ಯಗಳಿಗೆ ಬೀಳುವುದನ್ನು ಕಾಣುತ್ತೇವೆ. ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನಂತೂ ರಾಜಪುತ್ರನಾಗಿದ್ದೂ ದನಕರುಗಳ ರೋಗಗಳನ್ನು ಕುರಿತು ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ಆಳುವ ಮನೆತನವೊಂದು ಮನುಷ್ಯರ ಅಜೀರ್ಣಕ್ಕೂ ಎತ್ತಿನ ಉಬ್ಬರಕ್ಕೂ ಇಷ್ಟು ಗಮನ ಕೊಟ್ಟ ನಿದರ್ಶನ ಚರಿತ್ರೆಯಲ್ಲಿ ಸುಲಭವಾಗಿ ದೊರೆಯದು.

ಇವರೆಲ್ಲರೊಡನೆ ಜೈನ ವೈದ್ಯರ ಪರಂಪರೆಯನ್ನು ಸ್ಮರಿಸದಿದ್ದರೆ ಶುಂಠಿಯ ಕಥೆ ಅರ್ಧವಾಗುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದು ಔಷಧಕ್ಕಾಗಿ ಮಾಂಸವನ್ನು ಬಳಸುವುದನ್ನು ಖಂಡಿಸಿದನು. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ಕನ್ನಡಿಸಿದನು. ಮದ್ಯ ಮಾಂಸಗಳ ಸ್ಪರ್ಶವೇ ಇಲ್ಲದ ಚಿಕಿತ್ಸೆ ಇವರ ವೈಶಿಷ್ಟ್ಯ. ಮಾಂಸರಸದ ಬಲವನ್ನೂ ಆಸವಗಳ ತೀಕ್ಷ್ಣತೆಯನ್ನೂ ಬಿಟ್ಟುಕೊಟ್ಟ ವೈದ್ಯನಿಗೆ ದೇಹದಲ್ಲಿ ಉಷ್ಣವನ್ನೂ ಜಠರದಲ್ಲಿ ಅಗ್ನಿಯನ್ನೂ ಎಬ್ಬಿಸಬಲ್ಲ ಬೇರು, ಬೀಜ, ಕಂದಗಳ ಮೇಲೆ ಹೆಚ್ಚಿನ ಭಾರ ಬೀಳುವುದು ಅನಿವಾರ್ಯ. ಆ ಭಾರವನ್ನು ಹೊರಬಲ್ಲ ದ್ರವ್ಯಗಳಲ್ಲಿ ಶುಂಠಿಗೆ ಅಗ್ರಸ್ಥಾನ. ಇಲ್ಲೊಂದು ಸೂಕ್ಷ್ಮವುಂಟು. ನಿಷ್ಠಾವಂತ ಜೈನರಿಗೆ ನೆಲದೊಳಗಿನ ಹಸಿಗಂದಗಳು ಅನಂತ ಜೀವಗಳ ನೆಲೆಯಾದುದರಿಂದ ವರ್ಜ್ಯ, ಆದುದರಿಂದ ಹಸಿಶುಂಠಿಯೂ ವರ್ಜ್ಯ. ಆದರೆ ತಾನಾಗಿ ಒಣಗಿದ ಶುಂಠಿಯೂ ಅರಿಶಿನವೂ ಗ್ರಾಹ್ಯ. ಬಯಲುನಾಡಿಗೆ ದಾರಿಯ ದೂರದಿಂದ ಒಣಶುಂಠಿಯೇ ಯೋಗ್ಯವಾಯಿತೆಂದು ಮೇಲೆ ಹೇಳಿದೆವಷ್ಟೆ. ಧರ್ಮದ ವಿಧಿಯೂ ಅದೇ ದಿಕ್ಕಿಗೆ ಒತ್ತಾಸೆಯಾಗಿ ನಿಂತಿತು. ಸೂಡಿಗೂ ಜಿನಧರ್ಮಕ್ಕೂ ಇದ್ದ ನಂಟಿಗೆ ಸೂಡಿಯ ತಾಮ್ರಪಟಗಳು ಸಾಕ್ಷಿ. ಗಂಗರ ಬೂತುಗನ ಪತ್ನಿ ದೀವಳಾಂಬೆಯು ಇಲ್ಲಿ ಬಸದಿಯನ್ನು ಕಟ್ಟಿಸಿದಳೆಂದೂ ಅದಕ್ಕೆ ಕ್ರಿಸ್ತಶಕ 938ರಲ್ಲಿ ದತ್ತಿ ಬಿಟ್ಟರೆಂದೂ ಅವು ಹೇಳುತ್ತವೆ. ಆ ಪಟಗಳನ್ನು ಪ್ರಕಟಿಸಿದ ಫ್ಲೀಟ್ ಮಹಾಶಯರು ಅವು ಕೂಟಶಾಸನವೆಂದು ನಿರ್ಣಯಿಸಿದರೂ, ಅಂಥ ದಾನವನ್ನು ಕಲ್ಪಿಸಿ ಬರೆಯಬೇಕಾದರೆ ಇಲ್ಲಿ ಬಸದಿಯೂ ಅದನ್ನು ನಡೆಸುವ ಜನವೂ ಇದ್ದಿರಲೇಬೇಕು.

ಶಾಸ್ತ್ರವು ಈ ಕಂದವನ್ನು ಕುರಿತು ಹೇಳುವುದೇನು? ಹಸಿಯದು ಆರ್ದ್ರಕ, ಒಣಗಿದುದು ಶುಂಠಿ ಅಥವಾ ನಾಗರ. ವಿಶ್ವಭೇಷಜ, ಮಹೌಷಧವೆಂಬ ಹೆಸರುಗಳನ್ನೂ ನಿಘಂಟುಕಾರರು ಇದಕ್ಕೆ ಕೊಟ್ಟಿದ್ದಾರೆ. ಎರಡಕ್ಕೂ ರಸ ಕಟು, ವೀರ್ಯ ಉಷ್ಣ, ಆದರೆ ವಿಪಾಕ ಮಧುರ. ಬಾಯಲ್ಲಿ ಉರಿಸಿದರೂ ಜೀರ್ಣವಾದ ಮೇಲೆ ದೇಹವನ್ನು ಒಣಗಿಸುವುದಿಲ್ಲವೆಂಬುದು ಇದರ ತಾತ್ಪರ್ಯ, ಮತ್ತು ಮೆಣಸಿಗಿಲ್ಲದ ಸೌಮ್ಯತೆ ಶುಂಠಿಗುಂಟೆಂದು ವೈದ್ಯರು ಹೇಳುವುದರ ಕಾರಣವೂ ಇದೇ. ಆದರೂ ಹಸಿ ಮತ್ತು ಒಣಗಳನ್ನು ಒಂದೆಂದೇ ಎಣಿಸಬಾರದು. ಆರ್ದ್ರಕ ಗುರು, ತೀಕ್ಷ್ಣ, ಕಟ್ಟಿದುದನ್ನು ಭೇದಿಸತಕ್ಕದ್ದು. ಶುಂಠಿ ಲಘು, ಸ್ನಿಗ್ಧ, ಸಡಿಲವಾದುದನ್ನು ಹಿಡಿದು ನಿಲ್ಲಿಸತಕ್ಕದ್ದು. ಊಟಕ್ಕೆ ಮೊದಲು ಒಂದು ಚೂರು ಹಸಿಶುಂಠಿಯನ್ನು ಸೈಂಧವಲವಣದೊಡನೆ ಅಗಿಯುವುದು ಅಗ್ನಿದೀಪಕವೆಂದು ಹದಿನಾರನೆಯ ಶತಮಾನದ ಭಾವಪ್ರಕಾಶ ವಿಧಿಸುತ್ತದೆ. ಶುಂಠಿ, ಮೆಣಸು, ಹಿಪ್ಪಲಿಗಳು ಕೂಡಿದರೆ ತ್ರಿಕಟು. ಅದಕ್ಕೆ ಇಂಗು, ಸೈಂಧವ, ಓಮದ ಜಾತಿಯ ಅಜಮೋದ ಮತ್ತು ಎರಡು ಬಗೆಯ ಜೀರಿಗೆಗಳು ಸೇರಿದರೆ ಹಿಂಗ್ವಷ್ಟಕ ಚೂರ್ಣ, ತುಪ್ಪದಲ್ಲಿ ಕಲಸಿ ಮೊದಲ ತುತ್ತಿಗೆ ತಿನ್ನತಕ್ಕದ್ದು. ಹಾಲು, ತುಪ್ಪ, ಸಕ್ಕರೆಗಳೊಡನೆ ಪಾಕಗೊಂಡ ಸೌಭಾಗ್ಯಶುಂಠಿ ಪ್ರಸೂತಿಯಾದವಳಿಗೆ. ಇಷ್ಟನ್ನು ಹೇಳಿದ ಆ ಗ್ರಂಥಕರ್ತರೇ ನಿಷೇಧವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದ್ದಾರೆ: ರಕ್ತಪಿತ್ತ, ಪಾಂಡು, ಕುಷ್ಠ, ಮೂತ್ರಕೃಚ್ಛ್ರ, ವ್ರಣ, ಜ್ವರ, ದಾಹಗಳಲ್ಲಿ ಮತ್ತು ಗ್ರೀಷ್ಮ ಶರದೃತುಗಳಲ್ಲಿ ಆರ್ದ್ರಕ ಹಿತವಲ್ಲ. ಗುಣಗಳ ಪಟ್ಟಿಯನ್ನು ಮಾತ್ರ ನಕಲು ಮಾಡಿಕೊಂಡು ಈ ನಿಷೇಧಗಳನ್ನು ಕೈಬಿಡುವ ಇಂದಿನ ಪ್ರಚಾರಕರು ಪೂರ್ವಿಕರಿಗೆ ಮಾಡುವ ಅನ್ಯಾಯ ಚಿಕ್ಕದಲ್ಲ.

ಗ್ರಂಥದಿಂದ ರೋಗಿಯ ಬಳಿಗೆ ಮದ್ದು ತಲಪಲು ಆ ಕಾಲದಲ್ಲಿ ಮಠಗಳೂ ದೇವಾಲಯಗಳೂ ನೆರವಾದುವು. ಸೂಡಿ ಕಾಳಾಮುಖರೆಂಬ ಶೈವ ಯತಿಗಳ ನೆಲೆಯಾಗಿದ್ದಿತು. ನಾಗದೇವನ ದಾನವನ್ನು ಸ್ವೀಕರಿಸಿದವರಲ್ಲಿ ಆ ಪಂಥದ ಆಚಾರ್ಯರಿದ್ದರು. ಅದೇ ಪಂಥದವರು ನಡೆಸುತ್ತಿದ್ದ ಬಳ್ಳಿಗಾವೆಯ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುವಾಗ, ವೇದ ವ್ಯಾಕರಣ ದರ್ಶನಗಳ ಪಾಠದೊಡನೆ, ಹಸಿದವರಿಗೆ ಅನ್ನವೂ ಅನಾಥ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುವ ಸ್ಥಾನವೆಂದು ಕೊಂಡಾಡುತ್ತದೆ. ಅದೇ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನು ವೈದ್ಯವೃತ್ತಿಯಿಂದಲೇ ಬಾಳಿದನು. ವೈದ್ಯ ಆ ನಾಡಿನಲ್ಲಿ ಅರಮನೆಯ ಸೊತ್ತಾಗಿ ಮಾತ್ರ ಉಳಿದಿರಲಿಲ್ಲ.

ರಾಜ್ಯಗಳು ಅಳಿದುವು. ಸೂಡಿಯ ಟಂಕಸಾಲೆ ಮೌನವಾಯಿತು. ಸೆಟ್ಟಿಗಳ ಸಂಘ ಕರಗಿತು. ಗುಡಿಗಳ ಕಲ್ಲುಗಳ ಮೇಲೆ ಮುಳ್ಳುಕಂಟಿ ಬೆಳೆಯಿತು. ಅಳಿಯದೆ ಉಳಿದುದು ಹೆಂಗಸರ ಕೈಯಲ್ಲಿದ್ದ ವಿದ್ಯೆ. ಬಡಮನೆಯಲ್ಲಿಯೂ ಬಾಣಂತನಕ್ಕೆ ಮುಂಚೆ ಶುಂಠಿ, ಹಿಪ್ಪಲಿ, ಮೆಣಸು, ಅಜವಾನಗಳನ್ನು ಕೂಡಿಸಿಡುವುದು, ಅವನ್ನು ಹುರಿದು ಕುಟ್ಟಿ ವಸ್ತ್ರಗಾಳಿತ ಮಾಡಿ ಬಾಣಂತಿ ಖಾರವನ್ನು ಸಿದ್ಧಪಡಿಸುವುದು, ಬೆಲ್ಲ ತುಪ್ಪಗಳೊಡನೆ ಉಂಡೆ ಕಟ್ಟಿ ಹೊತ್ತುಹೊತ್ತಿಗೆ ಕೊಡುವುದು, ಇವು ಯಾವ ಗ್ರಂಥವನ್ನೂ ಓದದ ಅಜ್ಜಿಯರು ಸೌಭಾಗ್ಯಶುಂಠಿಯ ಪಾಕವನ್ನು ಕಡಿಮೆ ವೆಚ್ಚದಲ್ಲಿ ಕಾಪಾಡಿಕೊಂಡು ಬಂದ ಬಗೆ. ನೆಗಡಿಯಾದವನಿಗೆ ಶುಂಠಿ, ಮೆಣಸು, ಕೊತ್ತಂಬರಿ, ಜೀರಿಗೆಗಳ ಕಷಾಯಕ್ಕೆ ಬೆಲ್ಲ ಹಾಕಿ ಬಿಸಿಯಾಗಿ ಕುಡಿಯಿಸಿ ಕಂಬಳಿ ಹೊದಿಸಿ ಮಲಗಿಸುವುದು, ತಲೆಶೂಲೆಗೆ ಶುಂಠಿಯನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇದು ಹಣೆಗೆ ಲೇಪಿಸುವುದು, ಉಬ್ಬರಗೊಂಡ ಎತ್ತಿಗೆ ಶುಂಠಿ ಮೆಣಸುಗಳನ್ನು ಬೆಲ್ಲದಲ್ಲಿ ಅರೆದು ಗೊಟ್ಟದಿಂದ ಹೊಯ್ಯುವುದು, ಇವು ನಿತ್ಯದ ಕ್ರಮ. ಈ ಸೀಮೆಯ ಆಹಾರವನ್ನು ನೋಡಿದರೆ ಇದರ ಔಚಿತ್ಯ ಇನ್ನೂ ಸ್ಫುಟವಾಗುತ್ತದೆ. ಎರೆಯ ಹೊಲದ ಹಿಂಗಾರಿ ಕಡಲೆ ಈ ಜನದ ಬಲ. ಹಸಿಯಾಗಿ ಸುಲಿದು, ಹುರಿದು, ಹಿಟ್ಟಾಗಿಸಿ ಝುಣಕ ಮಾಡಿ, ಬೇಳೆಯಾಗಿಸಿ ಹೋಳಿಗೆಯ ಹೂರಣ ಮಾಡಿ ಅವರು ಅದನ್ನು ವರ್ಷವಿಡೀ ಉಣ್ಣುತ್ತಾರೆ. ಕಡಲೆ ವಾತಕಾರಕವೆಂಬುದು ಶಾಸ್ತ್ರಕ್ಕೂ ಹೊಟ್ಟೆಗೂ ಗೊತ್ತಿರುವ ಸತ್ಯ; ವಾತವನ್ನು ಅನುಲೋಮಗೊಳಿಸುವ ಶುಂಠಿ ಕಡಲೆಯ ನಾಡಿಗೆ ಬಂದುದು ಕೀಲಿಗೆ ಕೀಲೆಣ್ಣೆ ಬಂದಂತೆ. ರಾಮನವಮಿಯ ಬಿಸಿಲಿನಲ್ಲಿ ಬೆಲ್ಲದ ಪಾನಕಕ್ಕೆ ಚಿಟಿಕೆ ಶುಂಠಿಪುಡಿಯನ್ನು ಬೆರೆಸುವ ಆಚಾರ ಗ್ರೀಷ್ಮದ ನಿಷೇಧಕ್ಕೆ ವಿರೋಧವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ತಂಪಾದ ಪಾನೀಯವನ್ನು ಉಪವಾಸದ ಹೊಟ್ಟೆ ತಾಳಿಕೊಳ್ಳಲೆಂದು ಸೇರಿಸಿದ ಆ ಚಿಟಿಕೆಯಲ್ಲಿ ಪ್ರಮಾಣದ ವಿವೇಕವೇ ಕಾಣುತ್ತದೆ.

ಈ ಪರಂಪರೆಯಲ್ಲಿ ಬಿಡಬೇಕಾದುದೂ ಉಂಟು. ಹಸುಗೂಸಿಗೆ ಶುಂಠಿ, ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ಹಾಲಿನಲ್ಲಿ ತೇದು ಹಾಕುವ ಗುಟ್ಟಿಯನ್ನು ನಮ್ಮ ತಾಯಂದಿರು ವಾತ್ಸಲ್ಯದಿಂದಲೇ ಹಾಕಿದರು. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬಾರದೆಂಬುದು ಇಂದಿನ ವೈದ್ಯರ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯ. ತೇಯುವ ಕಲ್ಲಿನ, ಕೈಯ, ಹಾಲಿನ ಶುಚಿ ಕೂಸಿನ ಪ್ರಾಣಕ್ಕೆ ಸಂಬಂಧಿಸಿದುದು. ಪೂರ್ವಾಚಾರದ ಮೇಲಣ ಗೌರವ ಈ ನಿರ್ಣಯಕ್ಕೆ ಅಡ್ಡಿಯಾಗಕೂಡದು.

ಹೊರಗಿನವರ ಕಣ್ಣಿಗೂ ಕನ್ನಡ ನಾಡಿನ ಶುಂಠಿ ಬಿದ್ದಿದ್ದಿತು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿನ ಸುಲ್ತಾನನ ಭೋಜನದಲ್ಲಿ ಅನ್ನ ತುಪ್ಪಗಳ ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳನ್ನು ಬಡಿಸಿದರೆಂದು ಬರೆದಿಟ್ಟಿದ್ದಾನೆ. ಅವನಿಗೂ ಹದಿಮೂರು ಶತಮಾನ ಹಿಂದೆ ರೋಮಿನ ಪ್ಲಿನಿ ಈ ಕಂದವನ್ನು ಬಲ್ಲವನಾಗಿದ್ದನು. ಬೀಜ ಕಟ್ಟದ, ಕಾಡಿನಲ್ಲಿ ತಾನಾಗಿ ಬೆಳೆದುದನ್ನು ಯಾರೂ ಕಂಡಿಲ್ಲದ ಸಸ್ಯವಿದು. ಲೋಕದಲ್ಲಿ ಇದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮನುಷ್ಯನ ಕೈಯೇ ಅದನ್ನು ಮುರಿದು ನೆಟ್ಟಿದೆ.

ಆಧುನಿಕ ರಸಾಯನಶಾಸ್ತ್ರವು ಹಳೆಯ ಭೇದವೊಂದಕ್ಕೆ ತನ್ನದೇ ಆದ ವಿವರಣೆಯನ್ನು ಒದಗಿಸಿದೆ. ಹಸಿಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ದ್ರವ್ಯಗಳು ಒಣಗುವಾಗ ಮತ್ತು ಕಾಯುವಾಗ ನೀರಿನ ಅಂಶವನ್ನು ಕಳೆದುಕೊಂಡು ಶೋಗಾಲ್ ಎಂಬ, ಇನ್ನೂ ತೀಕ್ಷ್ಣವಾದ, ದ್ರವ್ಯಗಳಾಗಿ ಮಾರ್ಪಡುತ್ತವೆ. ಆದುದರಿಂದ ಹಸಿಯೂ ಒಣಗಿದುದೂ ಎರಡು ಬೇರೆ ಮದ್ದುಗಳೆಂದ ನಿಘಂಟುಕಾರರ ಮಾತು ಬರಿಯ ಕಲ್ಪನೆಯಾಗಿರಲಿಲ್ಲ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಓಕರಿಕೆಯನ್ನು ಕುರಿತವು ಹೆಚ್ಚು ಗಟ್ಟಿಯಾದುವು. 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಪ್ರಯಾಣದ ತಲೆಸುತ್ತಿಗೆ ಶುಂಠಿಪುಡಿಯ ಉಪಯೋಗವನ್ನು ತೋರಿಸಿತು. 1988ರಲ್ಲಿ ಡೆನ್ಮಾರ್ಕಿನಲ್ಲಿ 80 ಮಂದಿ ನೌಕಾ ತರುಣರ ಮೇಲೆ, ಕಡಲಿನಲ್ಲಿಯೇ, ಒಂದು ಗ್ರಾಮ್ ಶುಂಠಿಯಿಂದ ವಾಂತಿಯೂ ತಣ್ಣನೆಯ ಬೆವರೂ ಕಡಿಮೆಯಾದುದನ್ನು ಕಂಡರು. ಬಸುರಿಯರ ಬೆಳಗಿನ ಓಕರಿಕೆಗೂ ಇದು ಸ್ವಲ್ಪಮಟ್ಟಿಗೆ ಶಮನಕಾರಿಯೆಂದು ಅನೇಕ ಪರೀಕ್ಷೆಗಳಿಂದ ತಿಳಿದುಬಂದಿದೆ. ಕೀಲುನೋವು, ರಕ್ತದ ಸಕ್ಕರೆ ಮೊದಲಾದ ವಿಷಯಗಳಲ್ಲಿ ಆಶಾದಾಯಕವಾದ ಸೂಚನೆಗಳಿದ್ದರೂ ನಿಶ್ಚಯವಾಗಿ ಹೇಳುವ ಕಾಲ ಬಂದಿಲ್ಲ. ಅರ್ಬುದವನ್ನು ಶುಂಠಿಯಿಂದ ಗುಣಪಡಿಸುತ್ತೇವೆಂದು ಹೇಳುವವರನ್ನು ನಂಬಿ ಚಿಕಿತ್ಸೆಯನ್ನು ಮುಂದೂಡುವುದು ಪ್ರಾಣಾಪಾಯ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರೂ ಪಿತ್ತಕೋಶದಲ್ಲಿ ಕಲ್ಲಿರುವವರೂ ಎದೆಯುರಿಯುಳ್ಳವರೂ ವೈದ್ಯರನ್ನು ಕೇಳದೆ ಇದನ್ನು ಔಷಧದ ಪ್ರಮಾಣದಲ್ಲಿ ಸೇವಿಸಬಾರದು. ಭಾರತದ ಆಯುರ್ವೇದ ಔಷಧಕೋಶವು ಶುಂಠಿಚೂರ್ಣಕ್ಕೆ ವಿಧಿಸುವ ಪ್ರಮಾಣವೂ ಒಂದರಿಂದ ಎರಡು ಗ್ರಾಮ್ ಮಾತ್ರ. ಅಜ್ಜಿಯ ಚಿಟಿಕೆ ಅದನ್ನು ಮೀರುತ್ತಿರಲಿಲ್ಲ.

ಈಗ ಶಿವಮೊಗ್ಗ, ಹಾಸನ, ಚಿಕ್ಕಮಗಳೂರು, ಕೊಡಗು, ಹಾವೇರಿ, ಬೀದರ ಮುಂತಾದ ಜಿಲ್ಲೆಗಳಲ್ಲಿ ಶುಂಠಿ ದೊಡ್ಡ ಬೆಳೆಯಾಗಿದೆ. ಅದರ ಬಹುಪಾಲು ಹಸಿಯಾಗಿಯೇ ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತದೆ. ಗಜೇಂದ್ರಗಡದ ಸಂತೆಯಲ್ಲಿ ಹಸಿಶುಂಠಿ ಸುಲಭವಾಗಿ ದೊರೆಯುವುದರಿಂದ ಚಹಾದ ಪಾತ್ರೆಗೆ ಅದು ಬೀಳುತ್ತಿದೆ, ತೇಯುವ ಕಲ್ಲು ಮೂಲೆ ಸೇರುತ್ತಿದೆ. ಇದರಲ್ಲಿ ದುಃಖಪಡತಕ್ಕದ್ದು ವಿಶೇಷವಾಗಿಲ್ಲ. ದುಃಖದ ವಿಷಯವೆಂದರೆ ಯಾವುದಕ್ಕೆ ಹಸಿ, ಯಾವುದಕ್ಕೆ ಒಣ, ಯಾರಿಗೆ ಎಷ್ಟು, ಯಾವಾಗ ಬೇಡ ಎಂಬ ಅಳತೆ ಮರೆಯಾಗುತ್ತಿರುವುದು. ಲೋಕೋಪಕಾರದ ಕರ್ತೃ ತನ್ನ ಕಾಲದ ಮನೆಗಳ ಅರಿವನ್ನು ಬರೆದಿಟ್ಟುದರಿಂದ ಸಾವಿರ ವರ್ಷಗಳ ಮೇಲೆ ನಾವು ಅದನ್ನು ಓದುತ್ತಿದ್ದೇವೆ. ರೋಣ ಮತ್ತು ಗದಗಗಳ ಆಯುರ್ವೇದ ಮಹಾವಿದ್ಯಾಲಯಗಳ ವಿದ್ಯಾರ್ಥಿಗಳು ಸೂಡಿ, ಇಟಗಿ, ರಾಜೂರು, ನರೇಗಲ್ಲುಗಳ ಹಿರಿಯ ಹೆಣ್ಣುಮಕ್ಕಳ ಬಳಿಗೆ ಹೋಗಿ ಬಾಣಂತಿ ಖಾರದ ಪಾಕವನ್ನೂ ಕಷಾಯದ ಪ್ರಮಾಣವನ್ನೂ ಅವರ ನಿಷೇಧಗಳ ಸಹಿತ ಬರೆದುಕೊಂಡು ಬರಬೇಕು. ವಾಚಕರೂ ತಮ್ಮ ತಮ್ಮ ಮನೆಗಳಲ್ಲಿ ಈ ಕೆಲಸವನ್ನು, ಹೇಳಬಲ್ಲವರು ಇರುವಾಗಲೇ, ಮಾಡಬೇಕೆಂದು ಪ್ರಾರ್ಥಿಸುತ್ತೇನೆ.